ಕರೆಯುವ ಹೆಸರು, ಕಾಗದದ ಹೆಸರು: ಪಾಸ್‌ಪೋರ್ಟ್ ಅರ್ಜಿಗಳಲ್ಲಿ ನನ್ನ ಅನುಭವ

ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಯನ್ನು ನಾನು ಹಲವು ವರ್ಷಗಳಿಂದ ನಡೆಸುತ್ತಿದ್ದೇನೆ. ಪಹಣಿ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನಗಳ ನಡುವೆ ಪಾಸ್‌ಪೋರ್ಟಿಗೆಂದು ಬರುವವರೂ ಇರುತ್ತಾರೆ. ಅವರ ಅರ್ಜಿಯನ್ನು ನಾನು ಬಂದ ದಿನವೇ ತುಂಬುವುದಿಲ್ಲ. ಆಧಾರ್, ಮತದಾರರ ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪ್ಯಾನ್ ಕಾರ್ಡ್, ಶಾಲೆಯ ದಾಖಲೆ ಎಲ್ಲವನ್ನೂ ತರಿಸಿ, ಅವುಗಳಲ್ಲಿರುವ ಹೆಸರುಗಳನ್ನು ಒಂದು ಹಾಳೆಯ ಮೇಲೆ ಒಂದರ ಕೆಳಗೊಂದು, ಇಂಗ್ಲಿಷಿನ ಒಂದು ಅಕ್ಷರವೂ ತಪ್ಪದಂತೆ ಬರೆದುಕೊಳ್ಳುತ್ತೇನೆ. ಐದು ದಾಖಲೆಗಳಲ್ಲಿ ಐದೂ ಹೆಸರು ಹೊಂದಿದ್ದನ್ನು ನಾನು ಕಂಡದ್ದು ಅಪರೂಪ.

ಈ ಹಾಳೆಯ ಅಭ್ಯಾಸ ಬಂದದ್ದು ನನ್ನದೇ ಒಂದು ತಪ್ಪಿನಿಂದ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗೆ ಜಾಗವಿಲ್ಲ, ಅದನ್ನು ಬಿಡಿಸಿ ಪೂರ್ತಿ ಬರೆಯಬೇಕು. ನಮ್ಮಲ್ಲಿ ಅದೇ ಅಕ್ಷರ ಒಬ್ಬರಿಗೆ ತಂದೆಯ ಹೆಸರು, ಇನ್ನೊಬ್ಬರಿಗೆ ಊರಿನ ಹೆಸರು, ಮತ್ತೊಬ್ಬರಿಗೆ ಮನೆತನದ ಅಡ್ಡಹೆಸರು. ಅಣ್ಣನ ಅರ್ಜಿಯಲ್ಲಿ ಊರಿನ ಹೆಸರನ್ನೂ, ಎರಡು ವರ್ಷಗಳ ನಂತರ ಬಂದ ತಮ್ಮನ ಅರ್ಜಿಯಲ್ಲಿ ಮನೆತನದ ಹೆಸರನ್ನೂ ಅವರವರು ಹೇಳಿದಂತೆಯೇ ನಾನು ಸರ್‌ನೇಮ್ ಆಗಿ ತುಂಬಿದೆ. ತಂದೆಯ ಹೆಸರೂ ಎರಡು ಕಡೆ ಎರಡು ಬಗೆಯಾಯಿತು. ಮುಂದೆ ಅಣ್ಣ ತಮ್ಮನನ್ನು ಕರೆಸಿಕೊಳ್ಳಲು ವೀಸಾ ಅರ್ಜಿ ಹಾಕಿದಾಗ ಇಬ್ಬರೂ ಒಂದೇ ತಂದೆಯ ಮಕ್ಕಳೆಂದು ತೋರಿಸಲು ಅಫಿಡವಿಟ್ಟು, ಮರುವಿತರಣೆಯ ಅರ್ಜಿ ಎಂದು ತಿಂಗಳುಗಟ್ಟಲೆ ಅಲೆಯಬೇಕಾಯಿತು. ಹೇಳಿದ್ದನ್ನು ಬರೆದುಕೊಂಡರೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಹಾಗಲ್ಲ, ಕೇಳಬೇಕಾದುದನ್ನು ಕೇಳುವುದೇ ಮುಖ್ಯ ಕೆಲಸ ಎಂಬುದು ಆಗ ತಿಳಿಯಿತು.

ಸರ್‌ನೇಮ್ ಜಾಗವನ್ನು ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಬರುತ್ತದೆ. ಆದರೆ 2022ರ ನವೆಂಬರ್‌ನಲ್ಲಿ ಯುಎಇ, ಒಂದೇ ಹೆಸರಿರುವ ಪಾಸ್‌ಪೋರ್ಟಿನವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಪ್ರಕಟಿಸಿತು. ಕೊನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕೆಂದು ಆಮೇಲೆ ಸ್ಪಷ್ಟಪಡಿಸಿದರೂ, ಆ ವಾರ ನನ್ನ ಅಂಗಡಿಗೆ ಬಂದವರ ಗಾಬರಿಯನ್ನು ನಾನು ಮರೆತಿಲ್ಲ. ಅಂದಿನಿಂದ ಹೆಸರು, ಸರ್‌ನೇಮ್ ಎರಡೂ ಜಾಗಗಳನ್ನು ತುಂಬಿಸದೆ ಯಾರನ್ನೂ ಕಳಿಸುವುದಿಲ್ಲ.

ಹೆಚ್ಚು ದಿನ ಹಿಡಿದದ್ದು ನಮ್ಮ ಓಣಿಯ ಒಬ್ಬ ತಾಯಿಯ ಅರ್ಜಿ. ವಯಸ್ಸು 58, ಶಾಲೆಗೆ ಹೋದವರಲ್ಲ, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಯಿಂದ ಮಕ್ಕಳನ್ನು ಓದಿಸಿದವರು. ಮಸ್ಕತ್‌ನಲ್ಲಿರುವ ಮಗಳ ಬಾಣಂತನಕ್ಕೆ ಹೋಗಬೇಕಿತ್ತು. ನನ್ನ ಹಾಳೆಯಲ್ಲಿ ಅವರ ಹೆಸರು ರೇಷನ್ ಕಾರ್ಡಿನಲ್ಲಿ ‘ಅವ್ವ’ ಎಂದು, ಆಧಾರ್‌ನಲ್ಲಿ ‘ಬಾಯಿ’ ಎಂದು, ಬ್ಯಾಂಕಿನಲ್ಲಿ ‘ಅಮ್ಮ’ ಎಂದು ಮುಗಿಯುತ್ತಿತ್ತು. ಯಾವುದನ್ನು ಉಳಿಸಿಕೊಳ್ಳುವುದು ಎಂಬುದಕ್ಕೆ ನಾನು ಪಾಲಿಸುವ ಕ್ರಮ ಇಷ್ಟೇ: ತಿದ್ದಲು ಎಲ್ಲಕ್ಕಿಂತ ಕಷ್ಟವಾದ ದಾಖಲೆ ಯಾವುದೋ ಅದರಲ್ಲಿರುವ ಹೆಸರೇ ನಿಲ್ಲಬೇಕು, ಉಳಿದವು ಅದಕ್ಕೆ ಹೊಂದಬೇಕು. ಮಗಳ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಾಯಿಯ ಹೆಸರು ‘ಅಮ್ಮ’ ಎಂದು ಮುದ್ರಣವಾಗಿತ್ತು. ತಾಯಿ ಮಗಳ ಸಂಬಂಧಕ್ಕೆ ಪರದೇಶದಲ್ಲಿ ಕೇಳುವ ಪುರಾವೆ ಅದೇ. ಆದ್ದರಿಂದ ಆಧಾರ್ ಮತ್ತು ಮತದಾರರ ಚೀಟಿಗಳನ್ನು ಅದಕ್ಕೆ ಸರಿಯಾಗಿ ತಿದ್ದಿಸಿದೆವು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಅವಸರದಲ್ಲಿ ಅದನ್ನು ಕಳೆದುಕೊಂಡವರು ಮುಂದೆ ಬಹಳ ಕಷ್ಟಪಡುತ್ತಾರೆ. ಜನನ ಪ್ರಮಾಣಪತ್ರವಿಲ್ಲದ ಹಿರಿಯರು ಹೆದರಬೇಕಾಗಿಲ್ಲ. 2016ರ ಡಿಸೆಂಬರ್‌ನಲ್ಲಿ ನಿಯಮ ಸಡಿಲವಾದ ಮೇಲೆ, ಜನ್ಮದಿನಾಂಕ ಪೂರ್ತಿಯಾಗಿ ನಮೂದಾಗಿರುವ ಆಧಾರ್, ಪ್ಯಾನ್, ಮತದಾರರ ಚೀಟಿ ಮೊದಲಾದವೂ ನಡೆಯುತ್ತವೆ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಮಾತ್ರ ಜನನ ಪ್ರಮಾಣಪತ್ರವೇ ಬೇಕು.

ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಅವರ ಜೊತೆ ನಾನೇ ಹೋದೆ. ಓದು ಬಾರದವರ ಸಂಗಡ ಒಬ್ಬರನ್ನು ಒಳಗೆ ಬಿಡುತ್ತಾರೆ. ಮೊದಲ ಕೌಂಟರಿನಲ್ಲಿ ಬೆರಳಚ್ಚು ಮೂಡಲಿಲ್ಲ. ಮೆಣಸಿನಕಾಯಿಯ ತೊಟ್ಟು ಬಿಡಿಸಿ ಬಿಡಿಸಿ ಹೆಬ್ಬೆರಳಿನ ಗೆರೆಗಳು ಸವೆದಿದ್ದವು. ಕೌಂಟರಿನ ಹುಡುಗಿ ಒದ್ದೆ ಬಟ್ಟೆಯಿಂದ ಅವರ ಬೆರಳುಗಳನ್ನು ತಾನೇ ಒರೆಸಿ, ಒಂದೊಂದನ್ನೂ ಮೆಲ್ಲಗೆ ಒತ್ತಿ ಹಿಡಿದು, ನಾಲ್ಕನೆಯ ಸಲಕ್ಕೆ ಅಚ್ಚು ಪಡೆದಳು. ಕೊನೆಯ ಕೌಂಟರಿನ ಅಧಿಕಾರಿ ಹೆಸರು ಕೇಳಿದಾಗ ಆ ತಾಯಿ ಓಣಿಯಲ್ಲಿ ಕರೆಯುವ ಹೆಸರನ್ನೇ ಹೇಳಿ, ತಕ್ಷಣ ನೆನಪಾಗಿ, “ಮನ್ಯಾಗ ಹಿಂಗ ಕರೀತಾರ್ರೀ, ಕಾಗದದಾಗ ಬ್ಯಾರೆ ಐತ್ರೀ” ಎಂದರು. ದಾಖಲೆಗಳೆಲ್ಲ ಹೊಂದಿದ್ದರಿಂದ ಆ ಮಾತಿನಿಂದ ತೊಂದರೆಯಾಗಲಿಲ್ಲ. ಹೊಂದದಿದ್ದರೆ ಕಡತ ಅಲ್ಲಿಯೇ ನಿಲ್ಲುತ್ತಿತ್ತು. 36 ಪುಟದ ಪುಸ್ತಕಕ್ಕೆ 1,500 ರೂಪಾಯಿ ಶುಲ್ಕವನ್ನು ಆನ್‌ಲೈನಿನಲ್ಲಿ ಮೊದಲೇ ಕಟ್ಟಿದ್ದೆವು. ಅದರ ಹೊರತು ಕೇಂದ್ರದಲ್ಲಿ ಯಾರಿಗೂ ಒಂದು ಪೈಸೆ ಕೊಡಬೇಕಾಗಲಿಲ್ಲ.

50 ವರ್ಷ ದಾಟಿದ್ದರಿಂದ ಅವರ ಪಾಸ್‌ಪೋರ್ಟಿನ ಮೇಲೆ ಇಸಿಆರ್, ಅಂದರೆ ‘ವಲಸೆ ಅನುಮತಿ ಬೇಕು’ ಎಂಬ ಮುದ್ರೆ ಬೀಳಲಿಲ್ಲ. ಹತ್ತನೆಯ ತರಗತಿ ಪಾಸಾಗದ ಹುಡುಗರಿಗೆ ಆ ಮುದ್ರೆ ಬೀಳುತ್ತದೆ. ಅಂಥವರು ಗಲ್ಫ್ ದೇಶಗಳೂ ಸೇರಿ ಪಟ್ಟಿಯಲ್ಲಿರುವ 18 ದೇಶಗಳಿಗೆ ದುಡಿಯಲು ಹೋಗುವುದಾದರೆ 1983ರ ವಲಸೆ ಕಾಯ್ದೆಯ ಪ್ರಕಾರ ಮೊದಲು ವಲಸೆ ಅನುಮತಿ ಪಡೆಯಬೇಕು. ಈ ಮುದ್ರೆಯನ್ನು ಅವಮಾನವೆಂದು ತಿಳಿದು, ಹೇಗಾದರೂ ತೆಗೆಸಿಕೊಡಿ ಎಂದು ಕೇಳುವವರಿದ್ದಾರೆ. ನಾನು ಅವರನ್ನು ಕೂರಿಸಿಕೊಂಡು ವಿವರಿಸುತ್ತೇನೆ. ಅನುಮತಿಯ ದಾರಿಯಲ್ಲಿ ಹೋದರೆ ಕೈಯಲ್ಲಿ ಕೆಲಸದ ಒಪ್ಪಂದವಿರುತ್ತದೆ, ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿಯ ವಿಮೆ ಇರುತ್ತದೆ, ಏಜೆಂಟ್ ನೋಂದಾಯಿತನೇ ಎಂಬುದನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಇದನ್ನೆಲ್ಲ ತಪ್ಪಿಸಲು ಕೆಲವು ದಲ್ಲಾಳಿಗಳು ಭೇಟಿ ವೀಸಾದ ಮೇಲೆ ಹುಡುಗರನ್ನು ವಿಮಾನ ಹತ್ತಿಸುತ್ತಾರೆ, ಏಕೆಂದರೆ ಭೇಟಿಗೆ ಹೋಗುವವರಿಗೆ ಆ ಅನುಮತಿ ಬೇಕಿಲ್ಲ. ಅಲ್ಲಿ ಇಳಿದ ಮೇಲೆ ಭೇಟಿ ವೀಸಾದಲ್ಲಿ ದುಡಿಯುವುದೇ ಅಪರಾಧವಾಗುತ್ತದೆ. ಸಂಬಳ ಸಿಗದಿದ್ದರೆ ದೂರು ಕೊಡುವ ಧೈರ್ಯವೂ ಇರುವುದಿಲ್ಲ. ಎಂಟನೆಯ ತರಗತಿ ಓದಿದ ಒಬ್ಬ ಗಾರೆ ಕೆಲಸದ ಹುಡುಗ ಮೂರು ತಿಂಗಳು ಕಾದು ಅನುಮತಿಯ ದಾರಿಯಲ್ಲೇ ಹೋದ. ಅವನ ನಿರ್ಧಾರದ ಬಗ್ಗೆ ನನಗೆ ಇಂದಿಗೂ ಸಮಾಧಾನವಿದೆ.

ಹೆಸರಿನ ನಂತರ ನಾನು ಪಟ್ಟು ಹಿಡಿಯುವ ಇನ್ನೊಂದು ಜಾಗವೆಂದರೆ ಕ್ರಿಮಿನಲ್ ಮೊಕದ್ದಮೆಯ ಪ್ರಶ್ನೆ. ಹೊಲದ ಬದುವಿನ ಜಗಳದಲ್ಲಿ ಮೊಕದ್ದಮೆ ನಡೆಯುತ್ತಿದ್ದ ಒಬ್ಬರು ‘ಇಲ್ಲ’ ಎಂದೇ ತುಂಬಿರಿ ಎಂದು ಒತ್ತಾಯಿಸಿದರು. ನಾನು ಒಪ್ಪಲಿಲ್ಲ. ತಿಳಿದೂ ಸುಳ್ಳು ಮಾಹಿತಿ ಕೊಡುವುದು ಪಾಸ್‌ಪೋರ್ಟ್ ಕಾಯ್ದೆಯ 12ನೇ ಕಲಮಿನಡಿ ಶಿಕ್ಷಾರ್ಹ, ಪೊಲೀಸ್ ಪರಿಶೀಲನೆಯಲ್ಲಿ ಅದು ಹೊರಬೀಳುವುದೂ ಖಚಿತ. ಮೊಕದ್ದಮೆ ಇದ್ದ ಮಾತ್ರಕ್ಕೆ ದಾರಿ ಮುಚ್ಚುವುದಿಲ್ಲ ಎಂಬುದನ್ನು ಬಹಳ ಜನ ಅರಿಯರು. ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೆ ಸೇರುತ್ತದೆಂದು ಸುಪ್ರೀಂ ಕೋರ್ಟ್ 1967ರ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಹೇಳಿತು. ಪಾಸ್‌ಪೋರ್ಟ್ ಕಾಯ್ದೆ ಬಂದದ್ದೂ ಅದೇ ವರ್ಷ. ಮೊಕದ್ದಮೆ ನಡೆಯುತ್ತಿರುವ ನ್ಯಾಯಾಲಯವೇ ಅನುಮತಿ ಕೊಟ್ಟರೆ ಪಾಸ್‌ಪೋರ್ಟ್ ಕೊಡಬಹುದೆಂದು 1993ರ ಆಗಸ್ಟ್ 25ರ ಅಧಿಸೂಚನೆ ಹೇಳುತ್ತದೆ, ಆದೇಶದಲ್ಲಿ ಅವಧಿ ಬರೆಯದಿದ್ದರೆ ಸಿಗುವುದು ಒಂದು ವರ್ಷಕ್ಕೆ. ಅವರು ವಕೀಲರ ಮೂಲಕ ಅರ್ಜಿ ಹಾಕಿ ಆದೇಶ ತಂದರು. ಆದೇಶದಲ್ಲಿ ಅವಧಿಯನ್ನು ನಮೂದಿಸಲು ಕೇಳಿಕೊಳ್ಳಿ ಎಂದು ನಾನು ಮೊದಲೇ ಹೇಳಿ ಕಳಿಸಿದ್ದೆ.

ಪಾಸ್‌ಪೋರ್ಟ್ ಕೈಗೆ ಬಂದ ದಿನ ಎಲ್ಲರೂ ಒಮ್ಮೆ ಅಂಗಡಿಗೆ ಬರಬೇಕೆಂದು ಹೇಳಿರುತ್ತೇನೆ. ಆ ದಿನ ಹಳೆಯ ಹಾಳೆಯನ್ನು ತೆಗೆದು ಮೊದಲ ಮತ್ತು ಕೊನೆಯ ಪುಟಗಳ ಒಂದೊಂದು ಅಕ್ಷರವನ್ನೂ ಅವರೆದುರಿಗೇ ಹೋಲಿಸಿ, ಎರಡೂ ಪುಟಗಳ ಜೆರಾಕ್ಸ್ ತೆಗೆದು ಮನೆಯಲ್ಲಿ ಇಡಲು ಕೊಡುತ್ತೇನೆ. ದುಡಿಯಲು ಹೋಗುವ ಹುಡುಗರಿಗೆ ಮಾತ್ರ ಇನ್ನೂ ಒಂದು ಮಾತು ಸೇರಿಸುತ್ತೇನೆ: ಈ ಪುಸ್ತಕ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಕೇಂದ್ರ ಸರ್ಕಾರದ ಸ್ವತ್ತು, ಆದ್ದರಿಂದ ಅಲ್ಲಿನ ಮಾಲೀಕ ಇಟ್ಟುಕೊಳ್ಳುತ್ತೇನೆ ಎಂದರೆ ಕೊಡಬೇಡ, ಕಿತ್ತುಕೊಂಡರೆ ರಾಯಭಾರ ಕಚೇರಿಗೆ ತಿಳಿಸು. ಆ ಕಚೇರಿಯ ದೂರವಾಣಿ ಸಂಖ್ಯೆಯನ್ನು ಜೆರಾಕ್ಸಿನ ಹಿಂಬದಿಗೆ ನಾನೇ ಬರೆದುಕೊಡುತ್ತೇನೆ.