ಡ್ರೈವರ್‌ಗೆ ಕೈ ಹಾಕುವ ಮೊದಲು ಕಪ್ಪು ತೆರೆ ನೋಡಿ

ಶಿರಸಿ ಸುತ್ತಮುತ್ತ ಪರಿಚಯದವರ ಹಳೆ ಕಂಪ್ಯೂಟರುಗಳಿಗೆ ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಮಿಂಟ್ ಹಾಕಿಕೊಡುವುದು ನನಗೆ ಇಷ್ಟದ ಕೆಲಸ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಕೇಳುವವರು ಜಾಸ್ತಿಯಾದರು. ಅಡಿಕೆ ಲೆಕ್ಕ ಇಡುವವರು, ಘಟ್ಟದ ಕೆಳಗೆ ಡಿಟಿಪಿ ಮಾಡುವವರು, ಕಾಲೇಜು ಮಕ್ಕಳು. ಮಿಂಟ್ ಹಾಕುವಾಗ ಯಾರಿಗೂ ಅಷ್ಟು ಹೆದರಿಕೆ ಇಲ್ಲ. ಹೆದರುವುದು ಗ್ರಾಫಿಕ್ಸ್ ಡ್ರೈವರ್, ಅಂದರೆ ತೆರೆ ಮೇಲೆ ಚಿತ್ರ ಮೂಡಿಸುವ ತಂತ್ರಾಂಶ, ಬದಲಿಸುವಾಗ. ಬೇರೆ ಏನು ಕೆಟ್ಟರೂ ತೆರೆ ಮೇಲೆ ಒಂದು ಸಂದೇಶವಾದರೂ ಬರುತ್ತದೆ. ಇದು ಕೆಟ್ಟರೆ ತೆರೆಯೇ ಕಪ್ಪಾಗುತ್ತದೆ, ಅಲ್ವಾ?

ಅದಕ್ಕೇ ನಾನು, ಆಗ ಕೆಲಸಕ್ಕೆ ಬರುವ, ಬರೀ ಅಕ್ಷರ ಇರುವ ಕಪ್ಪು ತೆರೆಯನ್ನು ಮೊದಲೇ ತೋರಿಸಿಬಿಡುತ್ತೇನೆ. ಎಲ್ಲ ಸರಿ ಇರುವಾಗಲೇ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿಸುತ್ತೇನೆ. ಒತ್ತುವವರು ಅವರೇ ಆಗಬೇಕು, ನಾನು ಕೀಬೋರ್ಡ್ ಮುಟ್ಟುವುದಿಲ್ಲ. ಡೆಸ್ಕ್‌ಟಾಪ್ ಮಾಯವಾಗಿ ಲಾಗಿನ್ ಅಂತ ಬಿಳಿ ಅಕ್ಷರ ಬರುತ್ತದೆ. ಹೆಸರು ಬರೆದು ಎಂಟರ್. ಪಾಸ್‌ವರ್ಡ್ ಹೊಡೆಯುವಾಗ ಒಂದು ಚುಕ್ಕಿಯೂ ಮೂಡುವುದಿಲ್ಲ. 'ಕೀಬೋರ್ಡ್ ಹೋಯ್ತು' ಎಂದು ಬಹಳ ಜನ ಕೈ ತೆಗೆಯುವುದು ಇಲ್ಲೇ. ಹೋಗಿಲ್ಲ, ಸುಮ್ನೆ ಪೂರ್ತಿ ಹೊಡೆದು ಎಂಟರ್ ಒತ್ತಿ ಅನ್ನುತ್ತೇನೆ. ಒಳಗೆ ಹೋದ ಮೇಲೆ ಎಲ್‌ಎಸ್ (ls) ಎಂದು ಬರೆದು ಎಂಟರ್ ಒತ್ತಿದರೆ ಅವರ ಫೋಲ್ಡರುಗಳ ಹೆಸರು ಬರುತ್ತವೆ. ಫೈಲಿಗೆ 'ತೋಟದ ಖರ್ಚು' ಅಂತ ಕನ್ನಡದಲ್ಲಿ ಹೆಸರಿಟ್ಟಿದ್ದರೆ ಆ ಜಾಗದಲ್ಲಿ ಏನೇನೋ ಗುರುತು ಕಾಣುತ್ತದೆ. ಆ ತೆರೆಗೆ ಕನ್ನಡ ಬರೆಯಲು ಬರುವುದಿಲ್ಲ ಅಷ್ಟೇ, ಫೈಲಿಗೆ ಏನೂ ಆಗಿರುವುದಿಲ್ಲ. ಇದನ್ನು ಮೊದಲೇ ಹೇಳಿಡಬೇಕು. ಇಲ್ಲದಿದ್ದರೆ ಲೆಕ್ಕವೆಲ್ಲ ಹಾಳಾಯಿತು ಎಂದು ಜೀವ ಬಾಯಿಗೆ ಬರುತ್ತದೆ. ಕಂಟ್ರೋಲ್, ಆಲ್ಟ್, ಎಫ್7 ಒತ್ತಿದರೆ ಡೆಸ್ಕ್‌ಟಾಪ್ ವಾಪಸ್. ಈ ಹೋಗಿ ಬರುವುದು ಅಭ್ಯಾಸ ಆಗುವವರೆಗೂ ನಾನು ಮುಂದಿನ ಮಾತು ಎತ್ತುವುದಿಲ್ಲ.

ಆಮೇಲೆ ಟೈಮ್‌ಶಿಫ್ಟ್ ಎಂಬ ತಂತ್ರಾಂಶ ತೆರೆದು ಒಂದು ಸ್ನ್ಯಾಪ್‌ಶಾಟ್, ಅಂದರೆ ಸಿಸ್ಟಂ ಈಗಿರುವ ಸ್ಥಿತಿಯ ನಕಲು, ತೆಗೆಸುತ್ತೇನೆ. ಇದು ಸಿಸ್ಟಮ್ಮನ್ನು ಉಳಿಸುತ್ತದೆ. ನಿಮ್ಮ ಫೋಟೋ, ಕಡತಗಳನ್ನು ಅದರಷ್ಟಕ್ಕೆ ಉಳಿಸುವುದಿಲ್ಲ, ಅವನ್ನು ಬೇರೆ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಡ್ರೈವರ್ ಕೈಕೊಟ್ಟರೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ, ಅದೇ ಕಪ್ಪು ತೆರೆಯಲ್ಲಿ ಸುಡೋ ಟೈಮ್‌ಶಿಫ್ಟ್, ಎರಡು ಅಡ್ಡಗೆರೆ, ರಿಸ್ಟೋರ್ (sudo timeshift --restore) ಎಂದು ಬರೆದರೆ ಹಿಂದಿನ ಸ್ಥಿತಿಗೆ ಮರಳಬಹುದು. ಈ ಸಾಲನ್ನು ಕಾಗದದ ಮೇಲೆ ಬರೆಸಿ ಮಾನಿಟರಿಗೆ ಅಂಟಿಸುತ್ತೇನೆ.

ಇಷ್ಟಾದ ಮೇಲೆಯೇ ಕಾರ್ಡ್ ಯಾವುದು ಅಂತ ನೋಡುವುದು. ಮಿಂಟ್‌ನ ಸಿಸ್ಟಂ ರಿಪೋರ್ಟ್ಸ್‌ನಲ್ಲಿ (ಹೊಸ ಮಿಂಟ್‌ನಲ್ಲಿ ಇದರ ಹೆಸರು ಸಿಸ್ಟಂ ಇನ್ಫರ್ಮೇಷನ್) ಗ್ರಾಫಿಕ್ಸ್ ಭಾಗ ಓದಿದರೆ ಸಾಕು. ಇಂಟೆಲ್ ಗ್ರಾಫಿಕ್ಸ್ ಇದ್ದರೆ ಬೇರೆ ಡ್ರೈವರ್ ಹುಡುಕುವ ಕೆಲಸವೇ ಇಲ್ಲ. ಸಿಸ್ಟಮ್ಮಿನ ತಿರುಳಾದ ಕರ್ನಲ್ ಮತ್ತು ಗ್ರಾಫಿಕ್ಸಿನ ಮೆಸಾ ತಂತ್ರಾಂಶದ ಜೊತೆಗೆ ಅದು ತಾನಾಗೇ ಅಪ್‌ಡೇಟ್ ಆಗುತ್ತದೆ. ತೊಡಕು ಇರುವುದು ಎನ್‌ವಿಡಿಯಾ ಕಾರ್ಡಿನಲ್ಲಿ.

ಕುಮಟಾದಲ್ಲಿ ಡಿಟಿಪಿ ಮಾಡುವ ಗೆಳೆಯರೊಬ್ಬರ ಬಳಿ ಜಿಟಿ 710 ಕಾರ್ಡ್ ಇತ್ತು. ಪುಟ ಸರಿಸಿದರೆ ತಡವರಿಸುತ್ತಿತ್ತು. ಮಿಂಟ್ ಜೊತೆ ಬರುವ ನೂವೋ ಡ್ರೈವರ್ ಈ ಕಾರ್ಡನ್ನು ಪೂರ್ತಿ ವೇಗದಲ್ಲಿ ಓಡಿಸುವುದಿಲ್ಲ. ಎಲ್ಲಕ್ಕಿಂತ ಹೊಸದನ್ನು ಕಂಪನಿಯ ಜಾಲತಾಣದಿಂದ ಇಳಿಸೋಣ ಎಂದು ಅವರು ಹೊರಟಿದ್ದರು. ಬೇಡ ಅಂದೆ. ಈ ಕಾರ್ಡಿಗೆ 470ರ ಸರಣಿಯೇ ಕೊನೆ, ಅದರ ಮುಂದಿನವು ಇದನ್ನು ಗುರುತಿಸುವುದಿಲ್ಲ. ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದರೆ 470 ಅಲ್ಲೇ ಇತ್ತು. ಅಲ್ಲಿಂದ ಹಾಕಿದ ಡ್ರೈವರ್ ಕರ್ನಲ್ ಬದಲಾದಾಗ ಡಿಕೆಎಂಎಸ್ ಎಂಬ, ಡ್ರೈವರನ್ನು ಹೊಸ ಕರ್ನಲ್‌ಗೆ ಮತ್ತೆ ಕಟ್ಟುವ ಏರ್ಪಾಡಿನ ಮೂಲಕ ತಾನೇ ಹೊಂದಿಕೊಳ್ಳುತ್ತದೆ. ಜಾಲತಾಣದಿಂದ ತಂದು ಹಾಕಿದ್ದಕ್ಕೆ ಆ ಭರವಸೆ ಇಲ್ಲ.

ಸೆಕ್ಯೂರ್ ಬೂಟ್, ಅಂದರೆ ನಂಬಿಕೆಯ ಸಹಿ ಇಲ್ಲದ ಡ್ರೈವರನ್ನು ತಡೆಯುವ ಏರ್ಪಾಡು, ಆನ್ ಇರುವ ಯಂತ್ರದಲ್ಲಿ ಇನ್ನೊಂದು ಮೆಟ್ಟಿಲಿದೆ. ಡ್ರೈವರ್ ಹಾಕುವಾಗ ಒಂದು ಹೊಸ ಪಾಸ್‌ವರ್ಡ್ ಇಡಲು ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ತೆರೆ ಬರುತ್ತದೆ. ಹತ್ತು ಸೆಕೆಂಡಿನ ಒಳಗೆ ಯಾವುದಾದರೂ ಕೀಲಿ ಒತ್ತಿ, ಎನ್‌ರೋಲ್ ಮಾಕ್ (Enroll MOK) ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ನೀಲಿ ಕಂಡ ಕೂಡಲೇ ಸ್ವಿಚ್ ಆಫ್ ಮಾಡಲು ಕೈ ಹೋಗುತ್ತದೆ. ಅದಕ್ಕೆ 'ಈಗ ನೀಲಿ ಬರುತ್ತದೆ, ಬರಲಿ' ಎಂದು ಮೊದಲೇ ಹೇಳುತ್ತೇನೆ.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ನಂಬುವ ಹಾಗಿಲ್ಲ. ಯುಪಿಎಸ್ ಇಲ್ಲದವರಿಗೆ ಆ ದಿನಗಳಲ್ಲಿ ಈ ಕೆಲಸ ಬೇಡ ಅನ್ನುತ್ತೇನೆ. ನಡುವೆ ಕರೆಂಟು ಹೋಗಿದ್ದರೆ ಕಂಪ್ಯೂಟರ್ ಮತ್ತೆ ಶುರು ಮಾಡಿ, ಕಪ್ಪು ತೆರೆಯಲ್ಲಿ ಸುಡೋ ಡಿಪಿಕೆಜಿ, ಎರಡು ಅಡ್ಡಗೆರೆ, ಕಾನ್ಫಿಗರ್, ಅಡ್ಡಗೆರೆ ಎ (sudo dpkg --configure -a) ಎಂದು ಕೊಟ್ಟರೆ ಅರ್ಧಕ್ಕೆ ನಿಂತದ್ದು ಸಾಮಾನ್ಯವಾಗಿ ಮುಂದುವರಿಯುತ್ತದೆ.

ಎಲ್ಲ ಸರಿಹೋದ ದಿನವೇ ಸ್ನ್ಯಾಪ್‌ಶಾಟ್ ಅಳಿಸಬೇಡಿ. ಮುಂದಿನ ಕರ್ನಲ್ ಅಪ್‌ಡೇಟ್ ಬಂದು, ರೀಸ್ಟಾರ್ಟ್ ಆಗಿ, ಸಿಸ್ಟಂ ರಿಪೋರ್ಟ್ಸ್‌ನಲ್ಲಿ ಡ್ರೈವರ್ ಎದುರು ಎನ್‌ವಿಡಿಯಾ ಎಂದೇ ಕಂಡರೆ ಆಗ ತೆಗೆಯಿರಿ.