ರಾಜಿ ಆಯ್ತು, ಅಪೀಲು ಮುಗಿಸುವುದು ಹೇಗೆ?

ಕೆಳಗಿನ ಕೋರ್ಟಿನಲ್ಲಿ ಸೋತು ಅಪೀಲು ಹಾಕಿದ್ದೀರಿ. ಅಷ್ಟರಲ್ಲಿ ಎದುರಿನವರ ಜೊತೆ ಮಾತುಕತೆ ಕುದುರಿತು. ಈಗ ತುಂಬಾ ಜನ ಮಾಡುವ ಕೆಲಸ ಒಂದೇ: ‘ಕೋರ್ಟಿನ ಹೊರಗೆ ರಾಜಿಯಾಗಿದೆ, ಅಪೀಲು ವಜಾ ಮಾಡಿ’ ಎಂದು ಎರಡು ಸಾಲಿನ ಮೆಮೊ ಹಾಕುವುದು. ದಯವಿಟ್ಟು ಹೀಗೆ ಮಾಡಬೇಡಿ.

ಅಪೀಲು ವಜಾ ಆದರೆ ಕೆಳಗಿನ ಕೋರ್ಟಿನ ಡಿಕ್ರಿ, ಅಂದರೆ ಯಾರು ಯಾರಿಗೆ ಏನು ಕೊಡಬೇಕು ಎಂಬ ಅಂತಿಮ ಆದೇಶ, ಹಾಗೇ ಉಳಿಯುತ್ತದೆ. ಅಪೀಲಿನಲ್ಲಿ ಸಿಕ್ಕಿದ್ದ ತಡೆಯಾಜ್ಞೆಯೂ ಹೋಗುತ್ತದೆ. ಹತ್ತು ಲಕ್ಷದ ಡಿಕ್ರಿಗೆ ಆರು ಲಕ್ಷ ಕೊಟ್ಟು ಕೈ ತೊಳೆದುಕೊಂಡೆ ಅಂದುಕೊಂಡವರ ಮೇಲೆ, ಮತ್ತೆ ಪೂರ್ತಿ ಹತ್ತು ಲಕ್ಷಕ್ಕೆ ಅಮಲ್ಜಾರಿ ಅರ್ಜಿ (ಡಿಕ್ರಿಯನ್ನು ಜಾರಿಗೊಳಿಸಿ ಎಂಬ ಅರ್ಜಿ) ಬೀಳಬಹುದು. ಡಿಕ್ರಿಯ ಬಾಬ್ತು ಹೊರಗೆ ಕೊಟ್ಟ ಹಣ ಕೋರ್ಟಿನಲ್ಲಿ ದಾಖಲಾಗದಿದ್ದರೆ ಅಮಲ್ಜಾರಿ ಕೋರ್ಟು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದಾಖಲು ಮಾಡಿಸಲು ಹಣ ಕೊಟ್ಟವರಿಗೆ ಇರುವುದು 30 ದಿನ ಮಾತ್ರ.

ಸರಿಯಾದ ದಾರಿ ರಾಜಿ ಅರ್ಜಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶ, 3ನೇ ನಿಯಮದಡಿ ಹಾಕಬೇಕು. 1976ರ ತಿದ್ದುಪಡಿ ಬಂದ ಮೇಲೆ ರಾಜಿ ಬರಹದಲ್ಲೇ ಇರಬೇಕು, ಪಕ್ಷಗಾರರ ಸಹಿಯೂ ಇರಬೇಕು. ಅಧಿಕಾರ ಪಡೆದ ವಕೀಲರು ಸಹಿ ಹಾಕಿದರೂ ನಡೆಯುತ್ತದೆ. ಆದರೆ ನನ್ನ ಮಾತು ಕೇಳಿ: ಪ್ರತಿ ಪುಟಕ್ಕೂ ಎರಡೂ ಕಡೆಯವರು ತಾವೇ ಸಹಿ ಹಾಕಲಿ.

ಎಡವುವುದು ಷರತ್ತು ಬರೆಯುವಾಗ. ‘ಸೌಹಾರ್ದವಾಗಿ ಬಗೆಹರಿಸಿಕೊಂಡಿದ್ದೇವೆ’ ಅಂತ ಬರೆದರೆ ಏನೂ ಬರೆದಂತಲ್ಲ. ಎಷ್ಟು ಹಣ, ಯಾವ ತಾರೀಖು, ಡಿಡಿಯೋ ಖಾತೆಗೋ, ಕಂತು ತಪ್ಪಿದರೆ ಮುಂದೇನು, ಬಡ್ಡಿ ಇದೆಯೇ, ಖರ್ಚು ಯಾರದು, ಎಲ್ಲವೂ ಬೇಕು. ಜಮೀನಾದರೆ ಸರ್ವೆ ನಂಬರ್, ಅಳತೆ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಬರೆದು ನಕ್ಷೆ ಲಗತ್ತಿಸಿ. ಕೊನೆಗೆ ‘ಕೆಳಗಿನ ಕೋರ್ಟಿನ ಡಿಕ್ರಿಯ ಬದಲಿಗೆ ಈ ಷರತ್ತುಗಳಂತೆ ಡಿಕ್ರಿ ಮಾಡಬೇಕು’ ಎಂದು ಕೇಳಲೇಬೇಕು. ಈ ಸಾಲು ಬಿಟ್ಟರೆ ಉಳಿದ ಕಷ್ಟವೆಲ್ಲ ದಂಡ. ಟೈಪಿಂಗ್ ಅಂಗಡಿಯ ರೆಡಿಮೇಡ್ ಫಾರಂ ಮುಟ್ಟಲೇಬೇಡಿ. ಹಿಂದಿನ ಯಾರದೋ ಕೇಸಿನ ಷೆಡ್ಯೂಲ್ (ಆಸ್ತಿಯ ವಿವರ) ಅದರಲ್ಲೇ ಉಳಿದಿರುತ್ತದೆ.

ಇನ್ನೂ ಮೂರು ಕಡೆ ಹುಷಾರಾಗಿರಿ. ಪಕ್ಷಗಾರರಲ್ಲಿ ಯಾರಾದರೂ ತೀರಿಕೊಂಡಿದ್ದರೆ ಮೊದಲು ವಾರಸುದಾರರನ್ನು ದಾಖಲೆಗೆ ತನ್ನಿ; ಅದಕ್ಕೆ ಅವಧಿ 90 ದಿನ. ಅಪ್ರಾಪ್ತರಿದ್ದರೆ ಅವರ ಪರ ರಾಜಿಗೆ ಕೋರ್ಟಿನ ಅನುಮತಿ ಬೇಕು. ದಾವೆಯಲ್ಲಿ ಇಲ್ಲದ ಬೇರೆ ಆಸ್ತಿಯನ್ನು ರಾಜಿಗೆ ಸೇರಿಸಿದರೆ ನೋಂದಣಿಯ ಪ್ರಶ್ನೆ ಬರುತ್ತದೆ. ಸುಮ್ನೆ ಸೇರಿಸಬೇಡಿ.

ವಿಚಾರಣೆಯ ದಿನ ಗುರುತಿನ ಚೀಟಿ ಹಿಡಿದು ಎರಡೂ ಕಡೆಯವರು ಹೋಗಿ. ನ್ಯಾಯಾಧೀಶರು ಕೇಳಿದಾಗ ಒಪ್ಪಿದ್ದೇವೆ ಅಂದರೆ ಆಯಿತು.

ಅರ್ಜಿಗೆ ಸಹಿ ಹಾಕುವ ಮುಂಚೆ ನಿಧಾನವಾಗಿ ಓದಿ. ಒಪ್ಪಿಗೆಯ ಡಿಕ್ರಿಯ ಮೇಲೆ ಅಪೀಲು ಇಲ್ಲ. ರಾಜಿ ಕಾನೂನುಬದ್ಧವಲ್ಲ ಅಂತ ಹೊಸ ದಾವೆ ಹಾಕುವುದಕ್ಕೂ ಆಗುವುದಿಲ್ಲ; ಡಿಕ್ರಿ ಕೊಟ್ಟ ಕೋರ್ಟಿಗೇ ಹೋಗಬೇಕು. ಆಯ್ಕೆ ಇದ್ದರೆ ನಾನು ಲೋಕ ಅದಾಲತ್, ಅಂದರೆ ರಾಜಿ ಮೂಲಕ ಕೇಸು ಮುಗಿಸುವ ವೇದಿಕೆ, ಅನ್ನೇ ಹೇಳುತ್ತೇನೆ. ಅಲ್ಲಿನ ತೀರ್ಪಿಗೂ ಡಿಕ್ರಿಯ ಬಲವಿದೆ, ಕಟ್ಟಿದ ಕೋರ್ಟ್ ಫೀ ಕೂಡ ವಾಪಸ್ ಸಿಗುತ್ತದೆ.

ಡಿಕ್ರಿಯ ದೃಢೀಕೃತ ನಕಲು ಕೈಗೆ ಬಂದ ಮೇಲೆ, ಕೆಳಗಿನ ಕೋರ್ಟಿನಲ್ಲಿ ಅಮಲ್ಜಾರಿ ಕೇಸು ನಡೆಯುತ್ತಿದ್ದರೆ ಅಲ್ಲಿಗೂ ಅದನ್ನು ಸಲ್ಲಿಸಿ. ತಡೆಯಾಜ್ಞೆಗಾಗಿ ಅಪೀಲು ಕೋರ್ಟಿನಲ್ಲಿ ಹಣ ಠೇವಣಿ ಇಟ್ಟಿದ್ದರೆ, ಅದು ಯಾರಿಗೆ ಸೇರಬೇಕು ಎಂಬುದನ್ನು ರಾಜಿ ಅರ್ಜಿಯಲ್ಲೇ ಬರೆಸಿಬಿಡಿ. ಇಲ್ಲದಿದ್ದರೆ ಅದಕ್ಕೇ ಇನ್ನೊಂದು ಅರ್ಜಿ ಹಾಕಿ ಓಡಾಡಬೇಕಾಗುತ್ತದೆ.