ಮೊದಲು ಕಿಡಿ, ಆಮೇಲೆ ಪೆಟ್ರೋಲು

ಗಂಟೆಗೆ ಅರವತ್ತು ಕಿಲೋಮೀಟರ್ ದಾಟುತ್ತಿದ್ದ ಹಾಗೆ ಎಂಜಿನ್ನಿಗೆ ಬಿಕ್ಕಳಿಕೆ ಹತ್ತುತ್ತಿತ್ತು. ಒಂದೆರಡು ಸಲ ಮಿಸ್ ಹೊಡೆದು ಸರಿಹೋಗುತ್ತಿತ್ತು, ಮತ್ತೆ ಮಿಸ್ ಹೊಡೆಯುತ್ತಿತ್ತು. ಇದು ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬುರೇಟರಿನದೇ ತೊಂದರೆ ಎಂದು ತೀರ್ಮಾನಿಸಿಬಿಟ್ಟೆ. ಮೂರು ವಾರಗಳ ಕಾಲ ಪ್ರತಿ ಸಂಜೆ ಕೆಲಸದಿಂದ ಬಂದವನೇ ಗ್ಯಾರೇಜಿಗೆ ಹೋಗಿ ಪೆಟ್ರೋಲು ಹರಿಯುವ ಸಣ್ಣ ತೂತಿನ ಜೆಟ್ ಬದಲಿಸಿದೆ, ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ ಏರಿಸಿ ಇಳಿಸಿದೆ, ಹೊಸ ಗ್ಯಾಸ್ಕೆಟ್ ಕೂರಿಸಿದೆ. ಏನೂ ಬದಲಾಗಲಿಲ್ಲ. ಕೊನೆಗೆ ದೋಷ ಸಿಕ್ಕಿದ್ದು ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಒಳಗೆ, ಕರೆಂಟು ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್ ಕೂರುವ ತಟ್ಟೆಯ ಅಡಿಯಲ್ಲಿದ್ದ ಬೆರಳುದ್ದದ ಒಂದು ತಂತಿಯಲ್ಲಿ.

ನನ್ನ ಗಾಡಿ 1929ರ ಫೋರ್ಡ್ ಮಾಡೆಲ್ ಎ ರೋಡ್‌ಸ್ಟರ್. ಅದರಲ್ಲಿ ಕಿಡಿಯನ್ನು ಹಿಂದೆ ಮುಂದೆ ಮಾಡುವುದು ಚಾಲಕನ ಕೈಯಲ್ಲೇ ಇದೆ. ಸ್ಟಿಯರಿಂಗ್ ಚಕ್ರದ ಕೆಳಗೆ ಎಡಕ್ಕೊಂದು ಲಿವರ್, ಬಲಕ್ಕೊಂದು ಲಿವರ್. ಬಲಗಡೆಯದು ಆಕ್ಸಿಲರೇಟರಿನ ಕೆಲಸ ಮಾಡುವ ಕೈ ಥ್ರಾಟಲ್, ಎಡಗಡೆಯದು ಕಿಡಿಯದು. ಎಡ ಲಿವರ್ ಪೂರ್ತಿ ಮೇಲಿದ್ದರೆ ಕಿಡಿ ತಡವಾಗಿ ಹಾರುತ್ತದೆ, ಇಳಿಸಿದಷ್ಟೂ ಬೇಗ ಹಾರುತ್ತದೆ. ಇಳಿಸುವಾಗ ಪಾಯಿಂಟಿನ ತಟ್ಟೆ ತಿರುಗುತ್ತದೆ, ಅದಕ್ಕೆ ಕೂಡಿಕೊಂಡ ತಂತಿಯೂ ಬಾಗುತ್ತದೆ. ನನ್ನ ಗಾಡಿಯಲ್ಲಿ ಆ ತಂತಿಯ ಹೊದಿಕೆ ಸವೆದು ತಾಮ್ರ ಹೊರಬಂದಿತ್ತು. ವೇಗ ಹೆಚ್ಚಿದಾಗ ನಾನು ಲಿವರ್ ಇಳಿಸುತ್ತಿದ್ದೆ, ಇಳಿಸಿದಾಗ ತಂತಿ ಡಿಸ್ಟ್ರಿಬ್ಯೂಟರಿನ ಮೈಗೆ ತಾಗಿ ಕಿಡಿ ತಪ್ಪುತ್ತಿತ್ತು. ಎರಡೂ ಒಟ್ಟಿಗೇ ಆಗುತ್ತಿದ್ದುದರಿಂದ ವೇಗವೇ ಕಾರಣ ಎಂದುಕೊಂಡಿದ್ದೆ. ಗಾಡಿಯನ್ನು ನಿಲ್ಲಿಸಿಕೊಂಡೇ ಎಂಜಿನ್ ಓಡಿಸಿ ಲಿವರ್ ಆಡಿಸಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಈ ಪಾಠ ನನಗೆ ಹೊಸದಾಗಿರಬಾರದಿತ್ತು. ನಾನು ಬೆಳೆದದ್ದು ಮೈಸೂರಿನಲ್ಲಿ. ಅಪ್ಪ ಐಡಿಯಲ್ ಜಾವಾ ಬೈಕು ಕಾರ್ಖಾನೆಯಲ್ಲಿ, 1996ರಲ್ಲಿ ಅದು ಬಾಗಿಲು ಹಾಕುವವರೆಗೂ ದುಡಿದವರು. ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದೆ ಯಾರದಾದರೊಂದು ಯೆಜ್ಡಿ ನಿಂತೇ ಇರುತ್ತಿತ್ತು. ಅಪ್ಪ ಕಾರ್ಬುರೇಟರ್ ಮುಟ್ಟುವ ಮೊದಲು ಪಾಯಿಂಟಿನ ನಡುವೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ, ಎಂಜಿನ್ನನ್ನು ನಿಧಾನವಾಗಿ ತಿರುಗಿಸುತ್ತಿದ್ದರು. ಕಾಗದ ಸಡಿಲವಾಗಿ ಕೈಗೆ ಬಂದ ಕ್ಷಣವೇ ಪಾಯಿಂಟ್ ತೆರೆದ ಕ್ಷಣ, ಕಿಡಿ ಹಾರುವ ಕ್ಷಣ. ಅದು ಸರಿಯಾದ ಜಾಗದಲ್ಲಿ ಬಂದರೆ ಮಾತ್ರ ಉಳಿದ ಕೆಲಸ. ಫೋನಿನಲ್ಲಿ ನನ್ನ ಮೂರು ವಾರಗಳ ಕಥೆ ಕೇಳಿದ ಅಪ್ಪ, “ಪಾಯಿಂಟ್ ನೋಡಿದೆಯೇನಪ್ಪಾ?” ಎಂದು ಮಾತ್ರ ಕೇಳಿದರು. ನಾನು ನೋಡಿರಲಿಲ್ಲ.

ಈ ನಾಲ್ಕು ಸಿಲಿಂಡರಿನ ಎಂಜಿನ್ನು, ಹಳೆಯ ಕಾರು ತಿದ್ದಿ ವೇಗಕ್ಕೆ ಓಡಿಸುವ ಅಮೆರಿಕದ ಹಾಟ್ ರಾಡ್ ಹುಚ್ಚಿನ ಮೊದಲ ಅಧ್ಯಾಯ. 1932ರಲ್ಲಿ ಫೋರ್ಡಿನ ಎಂಟು ಸಿಲಿಂಡರಿನ ವಿ8 ಎಂಜಿನ್ ಬರುವ ಮೊದಲೇ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅಗ್ಗಕ್ಕೆ ಸಿಗುತ್ತಿದ್ದ ಮಾಡೆಲ್ ಟಿ, ಮಾಡೆಲ್ ಎ ಗಾಡಿಗಳ ಮಡ್‌ಗಾರ್ಡ್ ಕಳಚಿ, ಎಂಜಿನ್ ತಿದ್ದಿ, ಮ್ಯೂರಾಕ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. ಎಡ್ ವಿನ್‌ಫೀಲ್ಡ್ ಅವರ ಕಾರ್ಬುರೇಟರ್ ಮತ್ತು ಕ್ಯಾಮ್‌ಶಾಫ್ಟ್, ಜಾರ್ಜ್ ರೈಲಿ ಅವರ ಮೇಲ್ವಾಲ್ವಿನ ಹೆಡ್ (ಸಿಲಿಂಡರುಗಳ ಮುಚ್ಚಳ) ಈ ಎಂಜಿನ್‌ಗಳಿಗಾಗಿ ಹುಟ್ಟಿದವು. ಕಾರ್ಖಾನೆಯಿಂದ ಬಂದ ಮಾಡೆಲ್ ಎ ಎಂಜಿನ್ 3.3 ಲೀಟರಿನದು, ನಿಮಿಷಕ್ಕೆ 2,200 ಸುತ್ತಿನಲ್ಲಿ 40 ಅಶ್ವಶಕ್ತಿ. ವಾಲ್ವುಗಳು ಬ್ಲಾಕಿನಲ್ಲೇ ಪಕ್ಕಕ್ಕೆ ಕೂತಿವೆ. ಕಂಪ್ರೆಷನ್, ಅಂದರೆ ಪಿಸ್ಟನ್ನು ಮಿಶ್ರಣವನ್ನು ಒತ್ತುವ ಪ್ರಮಾಣ, ಬರಿಯ 4.22:1. ನನ್ನದರಲ್ಲಿ ಈಗಿರುವುದು ಸುಮಾರು 6:1 ಕಂಪ್ರೆಷನ್ ಕೊಡುವ ಹೆಡ್ ಮತ್ತು ಎರಡು ಸ್ಟ್ರಾಂಬರ್ಗ್ 97 ಕಾರ್ಬುರೇಟರು. ಹೀಗೆ ಬದಲಿಸಿದ ಎಂಜಿನ್ನಿಗೆ ಹಳೆಯ ಕೈಪಿಡಿಯ ಅಳತೆಗಳು ಅರ್ಧ ಮಾತ್ರ ಹೊಂದುತ್ತವೆ. ಉಳಿದರ್ಧವನ್ನು ನಾವೇ ಹುಡುಕಿಕೊಳ್ಳಬೇಕು.

ತಂತಿಯ ಘಟನೆಯ ನಂತರ ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಶುರುಮಾಡಿದೆ. ವೃತ್ತಿಯಿಂದ ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರು, ಹಾಗಾಗಿ ಮೊದಲು ಹಿಡಿದದ್ದು ಮೀಟರನ್ನೇ. ಇದು ಆರು ವೋಲ್ಟಿನ ಗಾಡಿ, ಬ್ಯಾಟರಿಯ ಪಾಸಿಟಿವ್ ಕಡೆ ಅರ್ತ್ ಆಗಿರುತ್ತದೆ. ಹನ್ನೆರಡು ವೋಲ್ಟಿನಲ್ಲಿ ಒಂದು ವೋಲ್ಟ್ ಸೋರಿದರೆ ನಡೆಯುತ್ತದೆ, ಆರರಲ್ಲಿ ನಡೆಯುವುದಿಲ್ಲ. ಸ್ಟಾರ್ಟರ್ ತಿರುಗುವಾಗ ಕಿಡಿಗಾಗಿ ವೋಲ್ಟೇಜ್ ಏರಿಸುವ ನನ್ನ ಕಾಯಿಲಿಗೆ ಐದು ವೋಲ್ಟೂ ಸಿಗುತ್ತಿರಲಿಲ್ಲ. ಅರ್ತ್ ಪಟ್ಟಿಯ ಕೆಳಗಿನ ಬಣ್ಣ ಕೆರೆದು ಬರಿಯ ಲೋಹ ಬರಿಸಿ, ಕೇಬಲ್ಲಿನ ತುದಿಗಳನ್ನು ತಿಕ್ಕಿ ಬಿಗಿ ಮಾಡಿದೆ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗಲು ಮಾಡುತ್ತಿದ್ದ ಹಟ ಅರ್ಧಕ್ಕರ್ಧ ಅಲ್ಲಿಗೇ ಮುಗಿಯಿತು.

ಆಮೇಲೆ ಪಾಯಿಂಟ್. ಅದರ ಸಂದಿನ ಅಳತೆ 18ರಿಂದ 22 ಥೌ (ಒಂದು ಥೌ ಇಂಚಿನ ಸಾವಿರದಲ್ಲೊಂದು ಭಾಗ). ನಾನು 20ಕ್ಕೆ, ಅಂದರೆ ಅರ್ಧ ಮಿಲಿಮೀಟರಿಗೆ ಇಡುತ್ತೇನೆ. ಪಾಯಿಂಟನ್ನು ತೆರೆಯುವ ಕ್ಯಾಮಿನ ಒಂದು ಉಬ್ಬಿನ ಮೇಲೆ ಸಂದು ಅಳೆಯುವ ಫೀಲರ್ ಗೇಜ್ ಹಾಕಿ ಸ್ಕ್ರೂ ಬಿಗಿದು ಎದ್ದುಬಿಡುವ ಅಭ್ಯಾಸ ಬಹಳ ಜನರಿಗಿದೆ. ನಾಲ್ಕು ಉಬ್ಬುಗಳನ್ನೂ ಅಳೆದು ನೋಡಬೇಕು. ನನ್ನದರಲ್ಲಿ ಒಂದರ ಮೇಲೆ 20 ಇದ್ದರೆ ಅದರ ಎದುರಿನದರ ಮೇಲೆ 24 ಬಂತು. ಶಾಫ್ಟಿನ ಬುಷ್ ಸವೆದು ಶಾಫ್ಟು ಅಲ್ಲಾಡುತ್ತಿತ್ತು. ಪಾಯಿಂಟಿನ ಸಂದು ಸಿಲಿಂಡರಿನಿಂದ ಸಿಲಿಂಡರಿಗೆ ಬದಲಾದರೆ ಕಿಡಿಯ ಸಮಯವೂ ಬದಲಾಗುತ್ತದೆ, ಅದನ್ನು ಯಾವ ಜೆಟ್ಟೂ ಸರಿಪಡಿಸಲಾರದು. ಬುಷ್ ಬದಲಿಸಿ, ರೀಮರ್ ಹಾಕಿ, ಹೊಸ ತಂತಿ ಎಳೆದೆ. ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರನ್ನೂ ಬದಲಿಸಿದೆ, ಏಕೆಂದರೆ ಈ ಎಂಜಿನ್ನಿನಲ್ಲಿ ಅದು ಎಕ್ಸಾಸ್ಟ್ ಇರುವ ಬದಿಯಲ್ಲೇ ಕೂತು ದಿನವಿಡೀ ಬೇಯುತ್ತದೆ. ಪ್ಲಗ್ಗಿನ ಸಂದು 35 ಥೌ. ಗಾಡಿಯ ಟೂಲ್ ಬಾಕ್ಸಿನಲ್ಲಿ ಒಂದು ಒಳ್ಳೆಯ ಕಂಡೆನ್ಸರ್ ಯಾವಾಗಲೂ ಇರುತ್ತದೆ.

ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ, ಇಡಲು ಫೋರ್ಡ್ ಮಾಡಿದ ಏರ್ಪಾಡು ನನಗೆ ತುಂಬ ಇಷ್ಟ. ಎಂಜಿನ್ನಿನ ಮುಂದಿನ ಕವರಿನಲ್ಲಿ ಒಂದು ಪಿನ್ ಇದೆ. ಅದನ್ನು ಬಿಚ್ಚಿ, ತಿರುಗಿಸಿ, ಅದೇ ತೂತಿನಲ್ಲಿ ಒತ್ತಿ ಹಿಡಿದು ಎಂಜಿನ್ನನ್ನು ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಒಳಗಿನ ಕ್ಯಾಮ್ ಗೇರಿನ ಕುಳಿಯಲ್ಲಿ ಪಿನ್ನು ಇಳಿದಾಗ ಮೊದಲನೆಯ ಪಿಸ್ಟನ್ನು ತುತ್ತತುದಿಯಲ್ಲಿರುತ್ತದೆ. ಲಿವರ್ ಪೂರ್ತಿ ಮೇಲಿಟ್ಟು, ಆ ಸ್ಥಿತಿಯಲ್ಲಿ ಪಾಯಿಂಟ್ ಆಗತಾನೇ ತೆರೆಯುವಂತೆ ಡಿಸ್ಟ್ರಿಬ್ಯೂಟರಿನ ಕ್ಯಾಮ್ ಕೂರಿಸಬೇಕು. ನಾನು ಕಾಗದದ ಉಪಾಯವನ್ನೇ ಮಾಡಿದೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಗರೇಟಿನ ಕಾಗದ ಹುಡುಕಲು ಮೂರು ಅಂಗಡಿ ಸುತ್ತಬೇಕಾಯಿತು. ಪಿನ್ ಇಳಿಸಿದ ಮೇಲೆ ಅದನ್ನು ಹೊರತೆಗೆಯುವುದನ್ನು ಮರೆತು ಸ್ಟಾರ್ಟರ್ ಒತ್ತಬೇಡಿ, ಗೇರು ಹಾಳಾಗುತ್ತದೆ. ಕೈ ಕ್ರ್ಯಾಂಕಿನಿಂದ ಸ್ಟಾರ್ಟ್ ಮಾಡುವವರು ಲಿವರ್ ಮೇಲಿದೆಯೇ ಎಂದು ಎರಡು ಸಲ ನೋಡಿಕೊಳ್ಳಿ. ಇಳಿದಿದ್ದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಮಣಿಕಟ್ಟು ಮುರಿಯುತ್ತದೆ.

ಇಲ್ಲಿಯವರೆಗೆ ಕೈಪಿಡಿ ಸಾಕು. ಲಿವರನ್ನು ಎಷ್ಟು ಇಳಿಸಬೇಕೆಂಬುದೇ ನಿಜವಾದ ಪ್ರಶ್ನೆ. ಹೆಡ್ ಬಿಚ್ಚಿದ್ದಾಗಲೇ ಡಯಲ್ ಗೇಜಿನಿಂದ ಪಿಸ್ಟನ್ನಿನ ತುದಿಯನ್ನು ಗುರುತಿಸಿ ಮುಂದಿನ ಪುಲ್ಲಿಯ ಮೇಲೆ ಗೆರೆ ಹಾಕಿಟ್ಟಿದ್ದೆ. ಪುಲ್ಲಿಯ ಸುತ್ತಳತೆಯನ್ನು 36 ಭಾಗ ಮಾಡಿದರೆ ಒಂದೊಂದು ಭಾಗ ಹತ್ತು ಡಿಗ್ರಿ. ಬಿಳಿ ಬಣ್ಣದಿಂದ 10, 20, 30, 40 ಎಂದು ಬರೆದೆ. ಕಿಡಿ ಹಾರಿದಾಗಲೆಲ್ಲ ಮಿನುಗಿ ಗುರುತು ತೋರಿಸುವ ಟೈಮಿಂಗ್ ಲೈಟಿಗೆ ಹನ್ನೆರಡು ವೋಲ್ಟ್ ಬೇಕಿದ್ದರಿಂದ ಬೇರೆ ಬ್ಯಾಟರಿಯೊಂದನ್ನು ಪಕ್ಕದಲ್ಲಿಟ್ಟೆ. ಲಿವರ್ ಪೂರ್ತಿ ಇಳಿಸಿದಾಗ ಗುರುತು ನಲವತ್ತರ ಹತ್ತಿರ ನಿಂತಿತು, ಅಂದರೆ ಪಿಸ್ಟನ್ನು ತುದಿ ಮುಟ್ಟಲು ನಲವತ್ತು ಡಿಗ್ರಿ ಇರುವಾಗಲೇ ಕಿಡಿ. ಹಳೆಯ 4.22 ಕಂಪ್ರೆಷನ್ನಿಗೆ, ಅಂದಿನ ಪೆಟ್ರೋಲಿಗೆ ಅದು ಸರಿ. ಕಂಪ್ರೆಷನ್ ಏರಿದಾಗ ಒತ್ತಾಗಿ ಕೂಡಿದ ಮಿಶ್ರಣ ಬೇಗ ಉರಿಯುತ್ತದೆ. ಪಿಸ್ಟನ್ನು ತುದಿ ದಾಟಿ ಸುಮಾರು ಹದಿನೈದು ಡಿಗ್ರಿ ಇಳಿದಾಗ ಒತ್ತಡ ತುತ್ತತುದಿಗೆ ಬರಬೇಕೆಂದರೆ ಕಿಡಿ ಅಷ್ಟು ಮುಂಚೆ ಹಾರಬೇಕಾಗಿಲ್ಲ.

ಮನೆಯ ಹತ್ತಿರದ ಒಂದೇ ಏರನ್ನು ಆರಿಸಿಕೊಂಡೆ. ಟಾಪ್ ಗೇರಿನಲ್ಲಿ ಗಂಟೆಗೆ 50ರಿಂದ 70 ಕಿಲೋಮೀಟರಿಗೆ ಏರಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ಎಂದು ಪಕ್ಕದಲ್ಲಿ ಕೂತ ಮಗಳು ಗಡಿಯಾರ ನೋಡಿ ಬರೆದುಕೊಂಡಳು. 20 ಡಿಗ್ರಿಗಿಂತ 24 ಚೆನ್ನಾಗಿತ್ತು, 24ಕ್ಕಿಂತ 28. 28ರ ನಂತರ ಸಮಯ ಕಡಿಮೆಯಾಗಲಿಲ್ಲ. 32ಕ್ಕೆ ಏರಿನಲ್ಲಿ ಬಾಣಲೆಯಲ್ಲಿ ಕಡಲೆ ಹುರಿದಂಥ ಸದ್ದು ಶುರುವಾಯಿತು. ಮಿಶ್ರಣ ತಾನಾಗಿ ಸಿಡಿಯುವ ಈ ನಾಕಿಂಗ್ ಸದ್ದನ್ನು ನಾನು ಒಂದು ಕ್ಷಣವೂ ಸಹಿಸುವುದಿಲ್ಲ. ಈ ಎಂಜಿನ್ನಿನ ಬೇರಿಂಗುಗಳು ಕರಗಿಸಿ ಎರಕ ಹೊಯ್ದ ಬ್ಯಾಬಿಟ್ ಲೋಹದವು, ಕ್ರ್ಯಾಂಕ್‌ಶಾಫ್ಟಿಗೆ ಆಸರೆ ಮೂರೇ ಮೂರು. ಪ್ರತಿ ನಾಕ್ ಆ ಮೆತ್ತನೆಯ ಲೋಹದ ಮೇಲೆ ಸುತ್ತಿಗೆಯ ಏಟು. 28ರಾಚೆಗೆ ಲಿವರ್ ಹೋಗದಂತೆ ಒಂದು ಹಿತ್ತಾಳೆಯ ಸ್ಕ್ರೂ ತಡೆ ಹಾಕಿದೆ.

ಕಿಡಿ ಹೀಗೆ ನೆಲೆಗೆ ನಿಂತ ಮೇಲಷ್ಟೇ ಪೆಟ್ರೋಲಿನ ಕಡೆ ತಿರುಗಿದೆ.

ಮೂಲ ಗಾಡಿಯಲ್ಲಿ ಟ್ಯಾಂಕು ವಿಂಡ್‌ಶೀಲ್ಡಿನ ಮುಂದೆಯೇ ಇದ್ದು, ಪೆಟ್ರೋಲು ತನ್ನ ಭಾರದಿಂದಲೇ ಕೆಳಗಿನ ಜೆನಿತ್ ಕಾರ್ಬುರೇಟರಿಗೆ ಇಳಿಯುತ್ತದೆ. ಎಂಜಿನ್ನಿನ ಮೇಲೆ ಕೂರುವ ಸ್ಟ್ರಾಂಬರ್ಗ್ 97ಗಳಿಗೆ ಆ ಇಳಿತ ಸಾಲದು, ಪಂಪು ಬೇಕು. ಪಂಪಿನ ವಿಷಯದಲ್ಲಿ ನಾನು ಎಡವಿದ್ದು ಅಪಾಯಕಾರಿಯಾಗಿತ್ತು. ಒಳಬರುವ ಪೆಟ್ರೋಲನ್ನು ತಡೆಯುವ 97ರ ನೀಡಲ್ ವಾಲ್ವು ಎರಡೂವರೆ ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡಕ್ಕೆ ನೆಮ್ಮದಿಯಾಗಿರುತ್ತದೆ, ಮೂರು ದಾಟಿದರೆ ಸೋಲುತ್ತದೆ. ನಾನು ತಂದ ವಿದ್ಯುತ್ ಪಂಪು ನಾಲ್ಕಕ್ಕಿಂತ ಹೆಚ್ಚು ಒತ್ತುತ್ತಿತ್ತು. ಒಂದು ಸಂಜೆ ಸಿಗ್ನಲ್ಲಿನಲ್ಲಿ ನಿಂತಾಗ ಪೆಟ್ರೋಲಿನ ವಾಸನೆ ಗಾಢವಾಗಿ ಬಂತು. ಬಾನೆಟ್ ಎತ್ತಿದರೆ ಹಿಂದಿನ ಕಾರ್ಬುರೇಟರ್ ತುಂಬಿ ತುಳುಕಿ, ಹನಿಗಳು ಕಾದ ಎಕ್ಸಾಸ್ಟಿನ ಪಕ್ಕಕ್ಕೇ ಬೀಳುತ್ತಿದ್ದವು. ಇಗ್ನಿಷನ್ ಆರಿಸಿ ದೂರ ನಿಂತೆ. ಅಂದಿನಿಂದ ರೆಗ್ಯುಲೇಟರ್, ಅದರ ಮುಂದೆ ಗೇಜ್, ಕೈಗೆಟುಕುವಲ್ಲಿ ಪಂಪಿನ ಸ್ವಿಚ್, ಸೀಟಿನ ಪಕ್ಕ ಅಗ್ನಿಶಾಮಕ ಸಿಲಿಂಡರ್, ಈ ನಾಲ್ಕೂ ಇಲ್ಲದೆ ಗಾಡಿ ಹೊರಗೆ ಹೋಗಿಲ್ಲ.

ಒತ್ತಡ ಸರಿಯಾದ ಮೇಲೆ ಫ್ಲೋಟ್. ಮುಚ್ಚಳ, ಗ್ಯಾಸ್ಕೆಟ್ ತೆಗೆದು ನೋಡಿದರೆ ಬಟ್ಟಲಿನ ಅಂಚಿನಿಂದ ಪೆಟ್ರೋಲಿನ ಮಟ್ಟ 15/32 ಇಂಚು, ಅಂದರೆ 12 ಮಿಲಿಮೀಟರ್ ಕೆಳಗಿರಬೇಕು. ಎರಡೂ ಕಾರ್ಬುರೇಟರುಗಳಲ್ಲಿ ಒಂದೇ ಮಟ್ಟ ಇರುವುದು ಮುಖ್ಯ. ಮಟ್ಟ ಏರುಪೇರಾದರೆ ಒಂದೇ ಜೆಟ್ ಹಾಕಿದರೂ ಎರಡು ಬೇರೆ ಬೇರೆ ಮಿಶ್ರಣ ಬರುತ್ತವೆ. ನಂತರ ಎರಡನ್ನೂ ಜೋಡಿಸುವ ಸರಳು ಬಿಚ್ಚಿ, ಪ್ರತಿಯೊಂದರ ಮೇಲೂ ಗಾಳಿಯ ಹರಿವು ಅಳೆಯುವ ಮೀಟರ್ ಇಟ್ಟು, ಥ್ರಾಟಲ್ ಸ್ಕ್ರೂಗಳಿಂದ ಸಮ ಮಾಡಿದೆ. ಐಡಲ್ ಮಿಶ್ರಣದ ಸೂಜಿಗಳನ್ನು ಮೆಲ್ಲಗೆ ಮುಚ್ಚಿ, ಮುಕ್ಕಾಲು ಸುತ್ತು ಬಿಚ್ಚಿ ಶುರುಮಾಡಿದೆ. ಸೂಜಿಯನ್ನು ಬಿಗಿಯಾಗಿ ಒತ್ತಿದರೆ ತುದಿಯಲ್ಲಿ ಬಳೆಯಂಥ ಗೆರೆ ಬಿದ್ದು ಆ ಸೂಜಿ ಮತ್ತೆ ಮಾತು ಕೇಳುವುದಿಲ್ಲ. ಸರಳನ್ನು ಕೊನೆಯಲ್ಲಿ, ಯಾವುದನ್ನೂ ಎಳೆಯದ ಹಾಗೆ ಜೋಡಿಸಬೇಕು.

ಜೆಟ್ಟಿಗೆ ಬಂದರೆ, 97ರಲ್ಲಿ ಮೂಲವಾಗಿ ಬರುವುದು 45 ಥೌನ ಮುಖ್ಯ ಜೆಟ್ ಮತ್ತು ಪೂರ್ತಿ ಥ್ರಾಟಲಿನಲ್ಲಿ ಹೆಚ್ಚುವರಿ ಪೆಟ್ರೋಲು ಕೊಡುವ 65ನೆಯ ನಂಬರಿನ ಪವರ್ ವಾಲ್ವ್. ಒಂದು ಕಾರ್ಬುರೇಟರು ಇಡೀ ವಿ8ಗೆ ಉಣಿಸಲೆಂದು ಇಟ್ಟ ಅಳತೆ ಅದು. ನಾಲ್ಕು ಸಿಲಿಂಡರಿಗೆ ಅಂಥವು ಎರಡು ಎಂದರೆ ಪೆಟ್ರೋಲು ಅತಿಯಾಗುವುದು ಖಂಡಿತ. ಎಕ್ಸಾಸ್ಟಿನಲ್ಲಿ ಆಮ್ಲಜನಕದ ಸೆನ್ಸರ್ ಹಾಕಿ ನೋಡಿದಾಗ ಸಮತಟ್ಟಿನ ಓಟದಲ್ಲಿ ಗಾಳಿ-ಪೆಟ್ರೋಲಿನ ಪ್ರಮಾಣ 11.5 ಇತ್ತು. ಈ ಅಂಕಿ ಇಳಿದಷ್ಟೂ ಪೆಟ್ರೋಲು ಹೆಚ್ಚು. 43ರ ಜೆಟ್ಟಿಗೆ 12.6, 42ಕ್ಕೆ 13.2. 41 ಹಾಕಿದಾಗ ಅಂಕಿ ಇನ್ನೂ ಅಂದವಾಗಿತ್ತು, ಆದರೆ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ತಡವರಿಸಿತು, ನೀರೂ ಹೆಚ್ಚು ಕಾಯಿತು. 42ಕ್ಕೆ ಹಿಂತಿರುಗಿದೆ. ಪವರ್ ವಾಲ್ವಿನ ನಂಬರುಗಳು ಡ್ರಿಲ್ ಬಿಟ್ಟಿನವು, ನಂಬರ್ ದೊಡ್ಡದಾದಷ್ಟೂ ತೂತು ಚಿಕ್ಕದು. ಥ್ರಾಟಲ್ ಹೆಚ್ಚುಕಡಿಮೆ ಪೂರ್ತಿ ತೆರೆದಾಗ ಮಾತ್ರ ಪಂಪಿನ ಕಡ್ಡಿ ಅದನ್ನು ಒತ್ತಿ ತೆರೆಯುತ್ತದೆ. 69 ಹಾಕಿದ ಮೇಲೆ ಪೂರ್ತಿ ಥ್ರಾಟಲಿನಲ್ಲಿ 12.4ಕ್ಕೆ ನಿಂತಿತು.

ಸೆನ್ಸರ್ ನಾಲ್ಕೂ ಸಿಲಿಂಡರುಗಳ ಸರಾಸರಿಯನ್ನು ಹೇಳುತ್ತದೆ. ಒಂದೊಂದರ ಕಥೆ ಪ್ಲಗ್ಗೇ ಹೇಳಬೇಕು. ಪೂರ್ತಿ ಥ್ರಾಟಲಿನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಒತ್ತಿ, ಇಗ್ನಿಷನ್ ಆರಿಸಿ, ಗಾಡಿಯನ್ನು ಹಾಗೇ ಉರುಳಿಸಿ ನಿಲ್ಲಿಸಿ ಪ್ಲಗ್ ಬಿಚ್ಚುತ್ತೇನೆ. 1 ಮತ್ತು 4ರಲ್ಲಿ ಪಿಂಗಾಣಿ ತಿಳಿ ಕಂದು, 2 ಮತ್ತು 3ರಲ್ಲಿ ಅದಕ್ಕಿಂತ ಬಿಳಿ, ಅಂದರೆ ಅಲ್ಲಿ ಪೆಟ್ರೋಲು ಕಡಿಮೆ. ಬ್ಲಾಕಿನಲ್ಲೇ ಇದಕ್ಕೆ ಕಾರಣವಿದೆ. ಒಳಗೆ ಹೋಗುವ ದಾರಿ ಎರಡೇ: ಒಂದನ್ನು 1 ಮತ್ತು 2, ಇನ್ನೊಂದನ್ನು 3 ಮತ್ತು 4 ಹಂಚಿಕೊಳ್ಳುತ್ತವೆ. ಫೈರಿಂಗ್ ಕ್ರಮ 1-2-4-3. ಹಾಗಾಗಿ ಪ್ರತಿ ದಾರಿಯಲ್ಲಿ ಎರಡು ಸಿಲಿಂಡರು ಬೆನ್ನುಬೆನ್ನಿಗೆ ಎಳೆದು, ಆಮೇಲೆ ಎರಡೂ ಸುಮ್ಮನಿರುತ್ತವೆ. ಎರಡನೆಯದಾಗಿ ಎಳೆಯುವ 2 ಮತ್ತು 3ಕ್ಕೆ ಹೆಚ್ಚು ಗಾಳಿ ಸಿಗುತ್ತದೆ. ಜೆಟ್ ಆರಿಸುವಾಗ ನಾನು ಈ ಎರಡನ್ನೇ ನೋಡುತ್ತೇನೆ. ಇವು ಕ್ಷೇಮವಾಗಿದ್ದರೆ ಉಳಿದೆರಡು ಸ್ವಲ್ಪ ಹೆಚ್ಚು ಕುಡಿದರೂ ಚಿಂತೆಯಿಲ್ಲ.

ಕಳೆದ ಬೇಸಿಗೆಯ ಮೊದಲು ಎಲ್ ಮಿರಾಜ್ ಒಣಕೆರೆಯ ಓಟ ನೋಡಲು ಇದೇ ಗಾಡಿಯಲ್ಲಿ ಕಹೋನ್ ಕಣಿವೆ ಹತ್ತಿ ಹೋದೆ. ಮ್ಯೂರಾಕ್ ವಾಯುಪಡೆಯ ಪಾಲಾದ ಮೇಲೆ ಓಟಗಾರರು ನೆಲೆಯೂರಿದ ಜಾಗ ಅದು. 1937ರಲ್ಲಿ ಹುಟ್ಟಿದ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಇಂದಿಗೂ ಅಲ್ಲಿ ಓಟ ನಡೆಸುತ್ತದೆ. ಎತ್ತರ 850 ಮೀಟರಿಗೂ ಮೇಲೆ, ಬೆಂಗಳೂರಿಗಿಂತ ಸ್ವಲ್ಪವೇ ತಗ್ಗು. ಕಣಿವೆಯ ಏರಿನಲ್ಲಿ ಸೆಕೆಂಡ್ ಗೇರಿಗೆ ಇಳಿಸಿ, ಲಿವರನ್ನು ಎರಡು ಹಲ್ಲು ಮೇಲೆತ್ತಿ ಹತ್ತಿದೆ. ಕಡಲೆಯ ಸದ್ದು ಒಮ್ಮೆಯೂ ಬರಲಿಲ್ಲ. ಮೇಲಿನ ತೆಳುಗಾಳಿಯಲ್ಲಿ ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಾಗಿ ಸೆನ್ಸರಿನ ಅಂಕಿ 12.6ಕ್ಕೆ ಇಳಿಯಿತು. ಜೇಬಿನಲ್ಲಿ 41ರ ಜೆಟ್ಟುಗಳಿದ್ದವು. ಕೆರೆಯಂಗಳದ ಅಂಚಿನಲ್ಲಿ, ಧೂಳು ಬೀಳದಂತೆ ಟವೆಲ್ ಹಿಡಿದು ನಿಂತ ಮಗಳ ನೆರಳಿನಲ್ಲಿ ಅವನ್ನು ಹಾಕಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಎಂಜಿನ್ ಮೊದಲ ಸುತ್ತಿಗೇ ಎದ್ದಿತು. ಫೋನನ್ನು ಎಕ್ಸಾಸ್ಟಿನ ಹತ್ತಿರ ಹಿಡಿದು ಅಪ್ಪನಿಗೆ ಕೇಳಿಸಿದೆ. ಮೈಸೂರಿನಲ್ಲಿ ಆಗ ನಡುರಾತ್ರಿ. ಅವರು ಸ್ವಲ್ಪ ಹೊತ್ತು ಸುಮ್ಮನೆ ಕೇಳಿ, “ಲಿವರ್ ಸ್ವಲ್ಪ ಇಳಿಸಪ್ಪಾ, ಹೇಗೆ ಏಳುತ್ತದೆ ಕೇಳೋಣ” ಎಂದರು. ಇಳಿಸಿದೆ.